ಹೆಸರು ಸರಿಯಾಗಿಯೇ ಇತ್ತು

ಎರಡು ಸಾವಿರದ ಆರರ ಜುಲೈ ತಿಂಗಳು. ಬಸವೇಶ್ವರನಗರದ ತನ್ನ ಯೂನಿಫಾರಂ ಅಂಗಡಿಯಲ್ಲಿ ಸೇತುರಾಮ ಬೆಳಗಿನ ಕಾಫಿ ಮುಗಿಸುವ ಹೊತ್ತಿಗೆ ದಾನಮ್ಮ ಬಟ್ಟೆಯ ಗಂಟನ್ನು ಇಳಿಸಿ ಬಾಗಿಲಲ್ಲೇ ನಿಂತಳು. ಲಿಂಗಸುಗೂರಿನ ಕಡೆಯಿಂದ ಬಂದು ಕಾಮಾಕ್ಷಿಪಾಳ್ಯದಲ್ಲಿ ನೆಲೆಸಿದ್ದ ಅವಳು, ಅವನ ಅಂಗಡಿಯ ಷರ್ಟುಗಳಿಗೆ ಮನೆಯಲ್ಲೇ ಕಾಜಾ ಹೊಲಿದು ಗುಂಡಿ ಹಾಕಿ ತರುತ್ತಿದ್ದಳು.

"ಸಾರ್, ನೀವು ಕೊಟ್ಟ ಚೆಕ್ಕು ವಾಪಸ್ ಬಂದೈತ್ರಿ."

ಚೆಕ್ಕಿಗೆ ಇಂಗ್ಲಿಷಿನ ಸಣ್ಣ ಚೀಟಿಯೊಂದನ್ನು ಪಿನ್ ಮಾಡಿದ್ದರು. ಸೇತುರಾಮ ಅದನ್ನು ಓದಬೇಕಾಗಿಯೇ ಇರಲಿಲ್ಲ. ಖಾತೆಯಲ್ಲಿ ಹಣವಿಲ್ಲವೆಂದು ಚೆಕ್ಕು ಬರೆಯುವಾಗಲೇ ಅವನಿಗೆ ಗೊತ್ತಿತ್ತು. ಯೂನಿಫಾರಂ ಹೊಲಿಸಿಕೊಂಡ ಶಾಲೆಯವರು ಇನ್ನೂ ಬಿಲ್ ಪಾಸ್ ಮಾಡಿರಲಿಲ್ಲ. ಚೆಕ್ಕು ಕೊಟ್ಟರೆ ಕೇಳಲು ಬಂದವರು ಸಮಾಧಾನವಾಗಿ ಹೋಗುತ್ತಾರೆ. ಅದು ಹೋಗಿ ವಾಪಸಾಗುವಷ್ಟರಲ್ಲಿ ಒಂದು ವಾರ ಸಿಗುತ್ತದೆ. ಬಟ್ಟೆಯ ಸಗಟು ವ್ಯಾಪಾರಿಗಳ ಜೊತೆ ಹತ್ತು ವರ್ಷ ಹೀಗೇ ನಡೆಸಿದ್ದ. ಅವರು ಫೋನಿನಲ್ಲಿ ಬೈಯುತ್ತಿದ್ದರು, ಇವನು ನಗುತ್ತಿದ್ದ, ವ್ಯವಹಾರ ಮುಂದುವರಿಯುತ್ತಿತ್ತು.

ದಾನಮ್ಮ ಬೈಯಲಿಲ್ಲ. "ಸ್ಲಿಪ್ ತುಂಬೋದ್ರಾಗ ನಾನೇನಾರ ತಪ್ಪು ಮಾಡೀನೇನ್ರಿ?" ಎಂದು ಕೇಳಿದಳು.

ಬೈಗುಳಕ್ಕಾದರೆ ಸೇತುರಾಮನ ಬಳಿ ಉತ್ತರವಿತ್ತು. ಈಗ ಚೀಟಿಯನ್ನು ಓದುವವನಂತೆ ನೋಡಿ, "ಹೆಸರಲ್ಲಿ ಏನೋ ವ್ಯತ್ಯಾಸ ಇರ್ಬೇಕಮ್ಮ" ಎಂದುಬಿಟ್ಟ.

"ಹೌದ್ರಿ! ರೇಷನ್ ಕಾರ್ಡಿನ್ಯಾಗ ದಾನವ್ವ ಅಂತ ಐತಿ, ಬ್ಯಾಂಕಿನ್ಯಾಗ ದಾನಮ್ಮ."

"ಅದೇ ಇರುತ್ತೆ. ಮುಂದಿನ ವಾರ ಇನ್ನೊಂದ್ಸಲ ಹಾಕಿ ನೋಡಿ."

ಮುಂದಿನ ವಾರವೂ ಶಾಲೆಯ ಹಣ ಬರಲಿಲ್ಲ. ಚೆಕ್ಕು ಎರಡನೇ ಸಲ ವಾಪಸಾಯಿತು. ಅದಾದ ಮೂರನೆಯ ದಿನ ದಾನಮ್ಮ ಮತ್ತೆ ಅಂಗಡಿಗೆ ಬಂದಳು. ಈ ಸಲ ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಸ್ಟಾಂಪ್ ಪೇಪರ್ ಇತ್ತು.

"ವಿಜಯನಗರದ ನೋಟರಿ ಹತ್ರ ಅಫಿಡವಿಟ್ ಮಾಡಿಸೀನ್ರಿ. ಇನ್ನೂರು ರೂಪಾಯಿ ತಗೊಂಡ್ರು. ದಾನವ್ವ, ದಾನಮ್ಮ ಇಬ್ರೂ ನಾನ ಅಂತ ಬರ್ಸೀನಿ. ಖಾತೆ ಚಂದಾಗಿ ನಡೆಸಿದ್ರ ಕಾಜಾ ಮಷೀನಿಗೆ ಸಾಲ ಕೊಡ್ತೀವಿ ಅಂದಾರ್ರಿ ಬ್ಯಾಂಕಿನವ್ರು. ಸುಳ್ಳು ಹೆಸರು ಕೊಟ್ಟಾಳ ಅಂತ ತಿಳ್ಕೊಂಡ್ರ ಏನು ಮಾಡ್ಲಿ? ಈಗ ಅಲ್ಲಿಗೇ ಹೊಂಟೀನಿ. ನೀವೊಂದು ಮಾತು ಫೋನ್ ಮಾಡಿ ಹೇಳ್ತೀರೇನ್ರಿ, ಈಕಿ ನಮ್ಮ ದಾನಮ್ಮ ಅಂತ?"

ಸೇತುರಾಮ ಕಾಗದ ಬಿಡಿಸಿದ. ಮೂಲೆಯಲ್ಲಿ ಅವಳ ಫೋಟೊ. ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಮಾಡಿದ ಸಹಿ. 'ಮೇಲ್ಕಂಡದ್ದೆಲ್ಲ ಸತ್ಯ' ಎಂಬ ಸಾಲು. ಅವನ ಬಾಯಿಗೆ ಬಂದ ಒಂದು ಸುಳ್ಳಿಗಾಗಿ ಈ ಹೆಂಗಸು ಪ್ರಮಾಣ ಮಾಡಿ ಬಂದಿದ್ದಳು. ಫೋನ್ ಮಾಡಿ ಒಂದು ಮಾತು ಹೇಳಿದರೆ ಅವಳು ನಂಬಿ ಹೊರಟುಹೋಗುತ್ತಾಳೆ ಎಂಬುದೂ ಅವನಿಗೆ ಗೊತ್ತಿತ್ತು.

"ನಡೀರಿ, ನಾನೂ ಬರ್ತೀನಿ" ಎಂದು ಎದ್ದ.

ಬ್ಯಾಂಕಿನ ಕೌಂಟರಿನಲ್ಲಿದ್ದ ಭುವನೇಶ್ವರಿ ಅಫಿಡವಿಟ್ ನೋಡಿ ಹುಬ್ಬೇರಿಸಿದಳು. "ಇದ್ಯಾಕಮ್ಮ? ಹೆಸರಿನ ತೊಂದರೆ ಅಂತ ಯಾರು ಹೇಳಿದ್ದು?"

ದಾನಮ್ಮ ಸೇತುರಾಮನ ಕಡೆ ತಿರುಗಿದಳು. ಹಿಂದೆ ಸಾಲಿನಲ್ಲಿ ಏಳೆಂಟು ಜನರಿದ್ದರು.

"ಹೆಸರು ಸರಿಯಾಗೇ ಇತ್ತು ಮೇಡಂ" ಎಂದ ಸೇತುರಾಮ. "ಖಾತೇಲಿ ದುಡ್ಡಿರ್ಲಿಲ್ಲ. ಚೆಕ್ ಕೊಟ್ಟೋನು ನಾನೇ. ಶಾಲೆಯವರು ಎರಡು ತಿಂಗಳಿಂದ ನನಗೂ..." ಮುಂದಿನ ಮಾತು ಅವನಿಗೇ ಬೇಡವೆನಿಸಿತು.

ಭುವನೇಶ್ವರಿ ಪಾಸ್‌ಬುಕ್ ತೆರೆದಳು. "ಎರಡು ಸಲ ವಾಪಸ್ ಬಂದಿದ್ದಕ್ಕೆ ಎಪ್ಪತ್ತೈದರ ಹಾಗೆ ಇವರ ಖಾತೆಯಿಂದ ಹೋಗಿದೆ. ಅದರಿಂದ ಬ್ಯಾಲೆನ್ಸ್ ಕಮ್ಮಿ ಆಗಿ ಇನ್ನೊಂದು ಐವತ್ತು. ನಿಮ್ಮ ಬ್ಯಾಂಕಿನವರು ನಿಮಗೂ ಹಾಕಿರ್ತಾರೆ ಸಾರ್. ಆದ್ರೆ ನಿಮಗೆ ಮೊದಲೇ ಗೊತ್ತಿತ್ತಲ್ಲ?"

"ಹಂಗಾರ ನನ್ನ ಮ್ಯಾಲೆ ಏನೂ ತಪ್ಪಿಲ್ಲೇನ್ರಿ ಮೇಡಂ? ಸಾಲಕ್ಕ ತೊಂದ್ರಿ ಆಗಂಗಿಲ್ಲಲ್ರಿ?"

"ಏನೂ ಆಗಲ್ಲಮ್ಮ."

ದಾನಮ್ಮ ಅಫಿಡವಿಟ್ ಮಡಚಿ ಕವರಿಗೆ ಹಾಕಿದಳು. ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದಳು: "ಮತ್ತ, ಹೆಸರು ಅಂತ ಯಾಕ ಅಂದ್ರಿ ಸಾರ್?"

ಮಾಗಡಿ ರಸ್ತೆಯಲ್ಲಿ ಬಸ್ಸುಗಳು ಹಾರನ್ ಹಾಕುತ್ತಿದ್ದವು. ಮರುದಿನ ಸೇತುರಾಮ ಸ್ನೇಹಿತನೊಬ್ಬನಿಂದ ಕೈಗಡ ತಂದು, ಅವಳ ಕೂಲಿ, ಬ್ಯಾಂಕು ಮುರಿದುಕೊಂಡದ್ದು, ನೋಟರಿಗೆ ಕೊಟ್ಟದ್ದು ಎಲ್ಲವನ್ನೂ ಅವಳ ಮನೆಗೇ ಹೋಗಿ ಕೊಟ್ಟ. ಅವಳು ತೆಗೆದುಕೊಂಡಳು. ಒಳಗೆ ಕರೆಯಲಿಲ್ಲ.

ಆಗಸ್ಟ್ ಕೊನೆಯಲ್ಲಿ ಶಾಲೆಯವರು ಅರ್ಧ ಬಿಲ್ಲಷ್ಟೇ ಕೊಟ್ಟರು. ಸಗಟು ವ್ಯಾಪಾರಿಗೆ ಸೇತುರಾಮ ತಾನೇ ಫೋನ್ ಮಾಡಿ ಗಡುವು ಕೇಳಿದ. ದಾನಮ್ಮ ಹೊಸ ಕೆಲಸಕ್ಕೆ ಬಂದಾಗ ಚೆಕ್ ಪುಸ್ತಕ ತೆಗೆಯಲಿಲ್ಲ.

"ಈಗ ನನ್ನ ಹತ್ರ ಅರ್ಧ ಕೂಲಿಗಷ್ಟೇ ದುಡ್ಡಿರೋದಮ್ಮ. ಉಳಿದದ್ದು ಹದಿನೈದನೇ ತಾರೀಖಿಗೆ ಮುಂಚೆ ಆಗಲ್ಲ."

ದಾನಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಕೂತು, ತನಗಾಗಿ ಕಟ್ಟಿಟ್ಟಿದ್ದ ಹೊಸ ಗಂಟು ಬಿಚ್ಚಿ, ಷರ್ಟುಗಳನ್ನು ಎರಡು ಪಾಲು ಮಾಡಿ, ಒಂದನ್ನು ಮೇಜಿನ ಮೇಲಿಟ್ಟಳು.

"ಇಷ್ಟು ಒಯ್ತೀನ್ರಿ. ಅವನ್ನ ಹದಿನೈದಕ್ಕ ಬಂದು ಒಯ್ತೀನಿ."

"ಆಗ್ಲಮ್ಮ" ಎಂದ ಸೇತುರಾಮ. ಅವಳ ಪಾಲಿನ ಗಂಟನ್ನು ಎತ್ತಿ ತಲೆಯ ಮೇಲಿಡಲು ಕೈ ಕೊಟ್ಟ.