ಎಡಗಾಲಿನ ಚಪ್ಪಲಿ

ಆ ಮನೆಯಲ್ಲಿ ಸೊಸೆಯರು ಇಬ್ಬರು, ಸೈಕಲ್ ಒಂದೇ. ಮುನಿಸಿಗೆ ಇನ್ನೇನು ಬೇಕು?

ಏಳು ವರ್ಷ ಅದು ದೊಡ್ಡ ಸೊಸೆಯ ಕೈಯಲ್ಲಿತ್ತು. ಅವಳು ಟೈಲರ್. ಹೊಲಿದ ಯೂನಿಫಾರ್ಮ್‌ಗಳನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹೊಳೆದಂಡೆಯ ಊರುಗಳಿಗೆ ಕೊಟ್ಟು ಬರುತ್ತಿದ್ದಳು. ಚಿಕ್ಕ ಸೊಸೆ ಮದುವೆಯಾಗಿ ಬಂದಾಗ ಸೈಕಲ್ ಮುಟ್ಟಿದವಳೂ ಅಲ್ಲ. ಸೀಟು ಹಿಡಿದು ಹಿಂದೆ ಓಡಿ, ಅವಳ ಜೊತೆ ತಾನೂ ಬಿದ್ದು, ಮೊಣಕಾಲು ತರಚಿಸಿಕೊಂಡು ಕಲಿಸಿದವಳು ದೊಡ್ಡವಳೇ.

ಈಗ ಮಹಿಳಾ ಸಂಘದಿಂದ ಮೂರು ದಿನದ ಸೈಕಲ್ ಪ್ರವಾಸ. ಹೊಳೆಯ ಕಣಿವೆ ಹಿಡಿದು ಹೋಗಿ, ಗುಡ್ಡ ಹತ್ತಿ, ಆಚೆ ಕಣಿವೆಗೆ ಇಳಿಯುವುದು. ಮನೆಗೆ ಒಬ್ಬರಂತೆ. ಸಭೆಯಲ್ಲಿ ಡ್ರಿಲ್ ಟೀಚರ್ ಮೊದಲು ಕೇಳಿದ್ದು ದೊಡ್ಡ ಸೊಸೆಯನ್ನೇ.

“ಅಯ್ಯೋ, ನನಗ್ಯಾಕೆ ಟೀಚರ್ ಅದೆಲ್ಲ?” ಎಂದಳು. ಇನ್ನೊಂದು ಸಲ ಕರೆಯಲಿ, ಆಗ ಒಪ್ಪಿಕೊಂಡರಾಯಿತು ಎಂದು ಉಗುರು ನೋಡಿಕೊಳ್ಳುತ್ತಾ ಕಾದಳು.

“ಹಾಗಾದ್ರೆ ನಾನು ಬರ್ತೀನಿ!” ಪಕ್ಕದಲ್ಲಿದ್ದ ಚಿಕ್ಕ ಸೊಸೆ ಕೈ ಎತ್ತಿದಳು.

ಟೀಚರ್ ಹೆಸರು ಬರೆದುಕೊಂಡರು. ಅಲ್ಲಿಗೆ ಮುಗಿಯಿತು.

ಅವತ್ತಿನಿಂದ ದೊಡ್ಡವಳ ಹೊಟ್ಟೆಯಲ್ಲಿ ಕಿಚ್ಚು. ಚಿಕ್ಕವಳು ಸೈಕಲ್‌ಗೆ ನೀಲಿ ಬಣ್ಣ ಬಳಿದಳು, ಹೊಸ ಬೆಲ್ ಹಾಕಿಸಿದಳು. ಏಳು ವರ್ಷ ತನ್ನ ಕೈಯಲ್ಲಿ ಕತ್ತೆಯ ಹಾಗೆ ದುಡಿದದ್ದು ಅವಳ ಕೈಗೆ ಹೋದ ಕೂಡಲೇ ಕುದುರೆಯಾಗಿಬಿಟ್ಟಿತೇ!

ಹೊರಡುವ ಹಿಂದಿನ ದಿನ ಚಿಕ್ಕವಳು ಕೇಳಿದಳು, “ಅಕ್ಕಾ, ಬ್ರೇಕ್ ನೋಡಿಸ್ಕೊಂಡು ಬನ್ನಿ ಅಂದಿದ್ದಾರೆ ಟೀಚರ್. ಸರಿಯಾಗೇ ಇದೆ ಅಲ್ವಾ?”

ಸರಿಯಾಗಿ ಇರಲಿಲ್ಲ. ಹಿಂದಿನ ಚಕ್ರದ ಬ್ರೇಕ್ ರಬ್ಬರ್ ಸವೆದು ಹಾಳೆಯಷ್ಟಾಗಿತ್ತು. ಮುಂದಿನದು ಮನಸ್ಸಿದ್ದರೆ ಹಿಡಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಹೊಳೆದಂಡೆಯ ದಾರಿ ಅಂಗೈಯಂತೆ ಸಮ. ನಿಲ್ಲಿಸಬೇಕಾದಾಗ ದೊಡ್ಡವಳು ಎಡಗಾಲನ್ನು ನೆಲಕ್ಕೆ ಉಜ್ಜುತ್ತಿದ್ದಳು. ಅವಳ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಮೊದಲೇ ಸವೆಯುತ್ತಿದ್ದದ್ದು ಅದಕ್ಕೇ. ಈ ಗುಟ್ಟು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ.

“ನಾನು ಏಳು ವರ್ಷ ಓಡಿಸ್ಲಿಲ್ವಾ?” ಎಂದಳು, ಸೂಜಿಗೆ ದಾರ ಪೋಣಿಸುತ್ತಾ.

ಅದು ಸುಳ್ಳಲ್ಲ. ನಿಜವೂ ಅಲ್ಲ. ಚಿಕ್ಕವಳು ನಂಬಿಕೊಂಡು ಹೋದಳು.

ಮರುದಿನ ಹೊರಡುವಾಗ “ಎಲ್ರೂ ಬ್ರೇಕ್ ನೋಡಿಸಿದ್ದೀರಾ?” ಎಂದು ಟೀಚರ್ ಕೇಳಿದರೆ ಹನ್ನೊಂದು ಕೈಗಳು ಮೇಲೆದ್ದವು. ಟೀಚರ್ ಕೈಗಳನ್ನು ನೋಡಿದರು. ಬ್ರೇಕ್‌ಗಳನ್ನು ಯಾರೂ ನೋಡಲಿಲ್ಲ.

ಸಂಜೆ ಅತ್ತೆಯ ಫೋನಿಗೆ ಫೋಟೋ ಬಂತು. ಹೊಳೆಯ ತಿರುವಿನಲ್ಲಿ ನೀಲಿ ಸೈಕಲ್, ಅದಕ್ಕೆ ಒರಗಿ ನಿಂತ ಚಿಕ್ಕ ಸೊಸೆ.

“ನೋಡೇ, ಮಹಾರಾಣಿ ಹಾಗೆ ನಿಂತಿದ್ದಾಳೆ!” ಎಂದರು ಅತ್ತೆ.

“ಹೊಳೆ ಚೆನ್ನಾಗಿದೆ,” ಎಂದಳು ದೊಡ್ಡವಳು.

ಎರಡನೇ ದಿನ ಬೆಳಿಗ್ಗೆ ನರ್ಸಮ್ಮ ಕಿತ್ತುಹೋದ ಚೀಲ ಹೊಲಿಸಲು ಬಂದರು. ವಾರಕ್ಕೊಮ್ಮೆ ಔಷಧಿ ಹೊತ್ತು ಸೈಕಲ್‌ನಲ್ಲೇ ಗುಡ್ಡದೂರುಗಳಿಗೆ ಹೋಗಿಬರುವವರು ಅವರು.

“ಚಿಕ್ಕ ಸೊಸೆ ಇವತ್ತು ಗುಡ್ಡ ಇಳೀತಾಳೆ ಅಲ್ವಾ? ಬ್ರೇಕ್ ಗಟ್ಟಿ ಇದೆ ತಾನೇ?”

ಅತ್ತೆ ನಕ್ಕರು. “ನಮ್ಮ ಕಾಲದಲ್ಲಿ ಕಾಲೇ ಬ್ರೇಕು ನರ್ಸಮ್ಮಾ. ಇಷ್ಟೆಲ್ಲ ಯಾರು ನೋಡ್ತಿದ್ರು?”

“ನೀವು ಸೈಕಲ್‌ನಲ್ಲಿ ಗುಡ್ಡ ಇಳಿದಿದ್ರಾ ಅಮ್ಮಾ?”

“ಗುಡ್ಡ ಯಾಕೆ ಇಳೀಲಿ? ಹಿಟ್ಟಿನ ಗಿರಣಿಗೆ ಹೋಗ್ತಿದ್ದೆ.”

“ಗಿರಣಿ ದಾರೀಲಿ ಕಾಲು ಊರಿದ್ರೆ ಚಪ್ಪಲಿ ಸವೆಯುತ್ತೆ. ಇಳಿಜಾರಲ್ಲಿ ಊರಿದ್ರೆ ಕಾಲೇ ಮುರಿಯುತ್ತೆ. ಬನ್ನಿ, ತೋರಿಸ್ತೀನಿ.” ನರ್ಸಮ್ಮ ತಮ್ಮ ಸೈಕಲ್‌ನ ಮುಂದಿನ ಬ್ರೇಕ್ ಒತ್ತಿ ಹಿಡಿದು ಮುಂದಕ್ಕೆ ತಳ್ಳಿದರು. ಚಕ್ರ ಉರುಳಲಿಲ್ಲ. ಆಮೇಲೆ ಹಿಂದಿನದನ್ನು ಒತ್ತಿ ತಳ್ಳಿದರು. ಅದೂ ಉರುಳಲಿಲ್ಲ. “ಎರಡನ್ನೂ ಬೇರೆ ಬೇರೆ ನೋಡ್ಬೇಕು. ಒತ್ತಿದಾಗ ಬ್ರೇಕ್ ಹಿಡಿ ಹ್ಯಾಂಡಲ್‌ಗೆ ತಾಗಬಾರ್ದು. ರಬ್ಬರ್ ಮೇಲೆ ಈ ಗೆರೆಗಳು ಕಾಣ್ತಿರ್ಬೇಕು. ಗೆರೆ ಅಳಿಸಿದ್ರೆ ಬದಲಾಯಿಸ್ಲೇಬೇಕು. ಆಚೆ ಇಳಿಜಾರಲ್ಲಿ ಏಳು ತಿರುವು, ಕೆಳಗೆ ಹೊಳೆ. ಬ್ರೇಕ್ ಇಲ್ದೋರು ಮೂರನೇ ತಿರುವು ದಾಟಲ್ಲ.”

ಹೊಲಿಗೆ ಮಿಷನ್ ನಿಂತಿತು.

ದೊಡ್ಡ ಸೊಸೆ ಫೋನ್ ತೆಗೆದು ಚಿಕ್ಕವಳ ನಂಬರ್ ಒತ್ತಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಒತ್ತಿದಳು. ಅದೇ ಉತ್ತರ.

“ನರ್ಸಮ್ಮಾ, ನಿಮ್ಮ ಸೈಕಲ್ ಕೊಡಿ.”

“ಏನಾಯ್ತೇ?” ಅತ್ತೆ ಎದ್ದು ನಿಂತರು.

“ಅವಳ ಸೈಕಲ್‌ಗೆ ಬ್ರೇಕ್ ಇಲ್ಲ. ನನಗೆ ಗೊತ್ತಿತ್ತು.”

ನರ್ಸಮ್ಮ ತಮ್ಮ ಹೆಲ್ಮೆಟ್ ತೆಗೆದು ಅವಳ ತಲೆಗಿಟ್ಟು ಪಟ್ಟಿ ಬಿಗಿದರು. “ಸೀಟಿನ ಕೆಳಗಿನ ಚೀಲದಲ್ಲಿ ಹೊಸ ರಬ್ಬರ್, ಸ್ಪ್ಯಾನರ್ ಎರಡೂ ಇವೆ. ಹೊರಡಮ್ಮಾ.”

ಹೊಳೆದಂಡೆಯ ದಾರಿ ಅವಳಿಗೆ ಗೊತ್ತಿದ್ದದ್ದೇ. ಕೊನೆಯ ಊರು ದಾಟಿದ ಮೇಲಿನದು ಗೊತ್ತಿರಲಿಲ್ಲ. ಕಣಿವೆ ಕಿರಿದಾಗುತ್ತಾ ಬಂತು, ಹೊಳೆ ಕಲ್ಲುಗಳ ನಡುವೆ ಬೆಳ್ಳಗೆ ನೊರೆಗಟ್ಟುತ್ತಿತ್ತು. ಎದುರಿಗೆ ಗುಡ್ಡದ ಮೇಲೆ ಗುಡ್ಡ. ಇದನ್ನೂ ಚಿಕ್ಕವಳೇ ಮೊದಲು ನೋಡಿದಳಲ್ಲ ಎಂದು ಆ ಅವಸರದಲ್ಲೂ ಹೊಟ್ಟೆ ಉರಿಯಿತು. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡು ಪೆಡಲ್ ತುಳಿದಳು. ಏರು ಬಂದಾಗ ಇಳಿದು ತಳ್ಳಿದಳು. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು.

ತುದಿ ಮುಟ್ಟಿದಾಗ ಹೆಂಗಸರು ಸುಧಾರಿಸಿಕೊಂಡು ಏಳುತ್ತಿದ್ದರು. ಎಲ್ಲರಿಗಿಂತ ಮುಂದೆ ನೀಲಿ ಸೈಕಲ್. ಚಿಕ್ಕವಳ ಒಂದು ಕಾಲು ಪೆಡಲ್ ಮೇಲಿತ್ತು.

“ಇಳೀಬೇಡ್ವೇ!”

ಚಿಕ್ಕವಳು ತಿರುಗಿ ನೋಡಿದಳು. “ಅಕ್ಕಾ? ಮನೇಲಿ ಎಲ್ರೂ ಚೆನ್ನಾಗಿದ್ದಾರಾ?”

“ಬ್ರೇಕ್ ಸವೆದಿದೆ. ಎರಡೂ.”

“ನಾನು ಕೇಳಿದ್ದೆ.”

“ಹೂಂ, ನೀನು ಕೇಳಿದ್ದೆ.”

“ಮತ್ಯಾಕೆ ಹೇಳ್ಲಿಲ್ಲ?”

ಏದುಸಿರಿನ ನಡುವೆ ದೊಡ್ಡವಳಿಗೆ ನೆಪ ಹುಡುಕಲು ಆಗಲಿಲ್ಲ. “ಹೊಟ್ಟೆಕಿಚ್ಚು,” ಎಂದಳು.

ಚಿಕ್ಕವಳು ಮುಖ ತಿರುಗಿಸಿ ಕಲ್ಲಿನ ಮೇಲೆ ಕುಳಿತಳು. ದೊಡ್ಡವಳು ಸ್ಪ್ಯಾನರ್ ಹಿಡಿದು ಹಳೆಯ ರಬ್ಬರ್‌ಗಳನ್ನು ಬಿಚ್ಚಿ ಹೊಸದನ್ನು ಕೂರಿಸಿದಳು.

“ತಪ್ಪು ನಂದೂ ಇದೆ,” ಎಂದರು ಟೀಚರ್. “ಕೈ ಎತ್ತಿಸಿದೆ, ಬ್ರೇಕ್ ಒತ್ತಿಸ್ಲಿಲ್ಲ.” ಅಲ್ಲೇ ಎಲ್ಲರಿಂದಲೂ ಒತ್ತಿಸಿ ತಳ್ಳಿಸಿದರು. ಇನ್ನೊಬ್ಬಾಕೆಯ ಚಕ್ರವೂ ಉರುಳಿತು. ಆಕೆ ಸೈಕಲ್ ಹಿಡಿದುಕೊಂಡು ನಡೆದೇ ಇಳಿಯುವುದೆಂದಾಯಿತು. “ಎರಡೂ ಬ್ರೇಕ್ ಬಿಟ್ಟು ಬಿಟ್ಟು ಒತ್ತಿ. ಬಿಗಿ ಹಿಡಿದೇ ಇರ್ಬೇಡಿ, ಬಿಸಿಯಾಗುತ್ತೆ. ಕೈ ಸೋತ್ರೆ ನಿಂತುಬಿಡಿ.”

ಚಿಕ್ಕವಳು ಎದ್ದು ಬಂದು ಬ್ರೇಕ್ ಒತ್ತಿ ತಳ್ಳಿದಳು. ಸೈಕಲ್ ಗೂಟ ಹೊಡೆದಂತೆ ನಿಂತಿತು.

“ಇನ್ನೂ ಕೋಪ ಇದೆ ನನಗೆ.”

“ಇರ್ಲಿ.”

“ಆಸೆ ಇದ್ರೆ ಅವತ್ತೇ ಹೂಂ ಅನ್ನೋಕೆ ಏನಾಗಿತ್ತು? ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೆಯಾ?”

ಹೆಂಗಸರೆಲ್ಲ ನಕ್ಕರು. ದೊಡ್ಡವಳು ನಗಲಿಲ್ಲ. “ತಿರುವು ಬಂದಾಗೆಲ್ಲ ಬೆಲ್ ಹೊಡಿ,” ಎಂದಳು. “ನನಗೆ ಕೇಳಿಸ್ಬೇಕು.”

ಅವರು ಇಳಿದರು. ನರ್ಸಮ್ಮನ ಸೈಕಲ್ ಹಿಂದಿರುಗಿಸಬೇಕಿದ್ದ ದೊಡ್ಡವಳು ತುದಿಯಲ್ಲೇ ನಿಂತು ಬೆಲ್ ಎಣಿಸಿದಳು. ಒಂದು. ಎರಡು. ಮೂರನೆಯದು ತಡವಾಯಿತು, ಅವಳು ಕಣ್ಣು ಮುಚ್ಚಿದಳು. ಟ್ರಿಣ್. ನಾಲ್ಕು, ಐದು, ಆರು. ಏಳನೆಯದು ಕೆಳಗಿನ ಹೊಳೆಯ ಸದ್ದಿನಲ್ಲಿ ಬೆರೆತು ಸಣ್ಣಗೆ ಕೇಳಿಸಿತು. ಆಗ ಉಸಿರು ಬಿಟ್ಟಳು. ಬಿಟ್ಟ ಮರುಗಳಿಗೆ ಹೊಟ್ಟೆಕಿಚ್ಚು ಮತ್ತೆ ಚುರುಕ್ ಎಂದಿತು. ಆಚೆ ಕಣಿವೆ ಹೇಗಿದೆಯೋ ಏನೋ!

ಈಗ ಆ ಮನೆಯ ಅಂಗಳದಿಂದ ಬ್ರೇಕ್ ಒತ್ತಿ ನೋಡದೆ ಯಾವ ಸೈಕಲ್ಲೂ ಹೊರಡುವುದಿಲ್ಲ. ಕಾಲೇ ಬ್ರೇಕು ಎಂದಿದ್ದ ಅತ್ತೆಯೇ ಬಾಗಿಲಲ್ಲಿ ನಿಂತು “ಒತ್ತಿ, ತಳ್ಳಿ ತೋರ್ಸು, ಆಮೇಲೆ ಹೋಗು” ಎನ್ನುತ್ತಾರೆ. ನೆಂಟರನ್ನೂ ಬಿಡುವುದಿಲ್ಲ. ದೊಡ್ಡ ಸೊಸೆಯ ಎರಡೂ ಚಪ್ಪಲಿಗಳು ಈಗ ಒಟ್ಟಿಗೇ ಸವೆಯುತ್ತಿವೆ. ಮುಂದಿನ ಪ್ರವಾಸಕ್ಕೆ ಟೀಚರ್ ಮಾತು ಮುಗಿಸುವ ಮೊದಲೇ ಕೈ ಎತ್ತಿದವಳು ಅವಳು.

ಇದನ್ನು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸೈಕಲ್‌ನ ಬ್ರೇಕ್ ಇವತ್ತೇ ಒತ್ತಿ, ತಳ್ಳಿ ನೋಡಿ. ಗುಡ್ಡ ಹತ್ತುವ ಮೊದಲೊಮ್ಮೆ, ಇಳಿಯುವ ಮೊದಲು ಇನ್ನೊಮ್ಮೆ ನೋಡಿ. ತಲೆಗೆ ಹೆಲ್ಮೆಟ್ ಇರಲಿ. ನೀವು ಓಡಿಸಿದ ಸೈಕಲ್ ಇನ್ನೊಬ್ಬರ ಕೈಗೆ ಹೋಗುವಾಗ ಅದರ ಕುಂದನ್ನೂ ಹೇಳಿ ಕೊಡಿ. ಅವರ ಜೊತೆ ಮಾತು ಬಿಟ್ಟಿದ್ದೀರಾ? ಅವರನ್ನು ಕಂಡರೆ ಹೊಟ್ಟೆ ಉರಿಯುತ್ತದೆಯೇ? ಉರಿಯಲಿ ಬಿಡಿ. ಆದರೂ ಹೋಗಿ ಈ ಒಂದು ಮಾತು ಹೇಳಿ ಬನ್ನಿ: “ನಿನ್ನ ಬ್ರೇಕ್ ಸವೆದಿದೆ.”