ಒಂದು ಗೇಣು ದೊಡ್ಡ ಹೆಸರು

ಬೂಬಣ್ಣನ ಅಂಗಿ ಯಾವತ್ತೂ ಅವರ ಮೈಗಿಂತ ಒಂದು ಗೇಣು ದೊಡ್ಡದು. ಬೆಳೆಯುತ್ತಾನೆಂದು ಚಿಕ್ಕಂದಿನಲ್ಲಿ ಅಮ್ಮ ಹಾಗೆ ಹೊಲಿಸಿದ್ದರಂತೆ. ಮೈ ಬೆಳೆಯಲಿಲ್ಲ, ಅಭ್ಯಾಸ ಉಳಿಯಿತು. ಐದಡಿಯೂ ತುಂಬದ ಆ ವಾಮನಮೂರ್ತಿ, ಮಣಿಕಟ್ಟು ದಾಟುವ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಂಡು, ಎದೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಬರುವವರ ಹಾಗೆ ಮಲ್ಪೆ ಬಂದರಿಗೆ ಬಂದರೆಂದರೆ ಬೆಳಗಿನ ಮೀನಿನ ಏಲಂ ಶುರುವಾಯಿತೆಂದೇ ಲೆಕ್ಕ. ಬೋಟಿನ ಇಂಜಿನ್ನುಗಳ ಆರ್ಭಟವನ್ನೂ ಮೀರುವ ಆ ಕಂಠದಲ್ಲಿ ಬಂಗುಡೆಯ ದರ ಏರುವುದೇ ಹೊರತು ಇಳಿದದ್ದನ್ನು ನಾನಂತೂ ಕೇಳಿಲ್ಲ.

ಕಾಪುವಿನ ನಮ್ಮ ಕೇರಿಯಲ್ಲಿ ಅವರು ಹೆಸರುಗಳನ್ನೂ ಹಾಗೆಯೇ ಏರಿಸುತ್ತ ಬಂದವರು. ತೊಟ್ಟಿಲ ದಿನ ಮಗುವಿನ ಕಿವಿಯಲ್ಲಿ ಹೆಸರು ಉಸುರುವುದು ಅವರ ಮನೆತನದಲ್ಲಿ ತಾಯಿಕಡೆಯ ಮಾವನ ಹಕ್ಕು. ಆದರೆ ಬೂಬಣ್ಣನನ್ನು ಅಕ್ಕಪಕ್ಕದವರೂ ಕರೆದರು, ಕರೆಯದಿದ್ದಲ್ಲಿಗೂ ಅವರು ಹೋದರು. ಹೀಗೆ ನಮ್ಮಲ್ಲಿ ಒಬ್ಬ ಶಿಖರ್, ಒಬ್ಬ ಮೇರು, ಒಬ್ಬ ಅಧಿರಾಜ್ ಬೆಳೆದರು. ನಿಮ್ಮ ಅಧಿರಾಜ ಬೋಟಿನಲ್ಲಿ ಅಡುಗೆ ಮಾಡುತ್ತಾನಲ್ಲ ಎಂದು ನಾನು ಕೆಣಕಿದರೆ, “ಅವನು ಮಾಡಿದ ಮೀನಿನ ಗಸಿ ಉಂಡು ನೋಡಿ, ಆಮೇಲೆ ಮಾತಾಡಿ” ಎನ್ನುವರು. ಒಮ್ಮೆ ಮಾತ್ರ ತಮ್ಮ ಹೆಸರಿನ ಮಾತೆತ್ತಿದ್ದರು: “ನನ್ನದು ಕರೆಯಲಿಕ್ಕೆ ಸುಲಭ ಅಂತ ಇಟ್ಟದ್ದು. ಹಾಗಾಗಿ ಎಲ್ಲರೂ ಕರೆದು ಕರೆದು ಕೆಲಸ ಹೇಳಿದರು.” ಅವರು ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ.

ಕಳೆದ ವರ್ಷ ಅವರ ತಂಗಿಯ ಮಗಳು ಪ್ರಣೀತಾಳಿಗೆ ಏಳನೆಯ ತಿಂಗಳಲ್ಲೇ ಹೆಣ್ಣುಮಗು ಹುಟ್ಟಿತು. ಮಣಿಪಾಲದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟೇ ಇದ್ದ ಆ ಜೀವ ಉಳಿಯುವುದೋ ಇಲ್ಲವೋ ಎಂದು ವೈದ್ಯರೂ ಬಾಯಿಬಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತ ಬೂಬಣ್ಣ, “ತುಂಗಾ. ಅಂದರೆ ಎತ್ತರದವಳು. ಇವತ್ತೇ ಕರೆಯುವ” ಎಂದರು.

ಪ್ರಣೀತಾಳ ಅತ್ತೆ, ಅಜೆಕಾರಿನ ಕುಶಲಾ, ಬೆಚ್ಚಿದರು. “ಎಂತ ಬೂಬಣ್ಣ ಇದು? ಮೊದಲು ಮಗು ಉಳಿಯಲಿ. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಹೆಸರಿಟ್ಟರೆ ದೃಷ್ಟಿ ತಾಗುವುದಿಲ್ವಾ?”

“ಮಕ್ಕಳಿಗೆ ಅಂಗಿ ದೊಡ್ಡದೇ ಹೊಲಿಸುವುದಲ್ವಾ ಕುಶಲಕ್ಕ? ಬೆಳೆಯುತ್ತದೆ ಅಂತ ಧೈರ್ಯ ಉಂಟು, ಅದಕ್ಕೆ. ಮತ್ತೆ, ಕರೆಯದೆ ಯಾರು ಬರುತ್ತಾರೆ?”

ಒಳಗೆ ಬಿಟ್ಟಾಗ ಅವರು ಪೆಟ್ಟಿಗೆಗೆ ಮುಖವಿಟ್ಟು ಕರೆದರು. ಬಂದರನ್ನೇ ನಡುಗಿಸುವ ಆ ಕಂಠದಿಂದ ಸ್ವರವೇ ಹೊರಡಲಿಲ್ಲ. ಬಾಗಿಲಲ್ಲಿ ನಿಂತ ನನಗೆ ತುಟಿ ಅಲುಗಿದ್ದಷ್ಟೇ ಕಂಡಿತು, ಮತ್ತೆ ಮತ್ತೆ ಅದೇ ಹೆಸರಿಗೆ. ಹೊರಬಂದಾಗ ಮಡಚಿದ್ದ ಅಂಗಿಯ ತೋಳು ಬಿಚ್ಚಿ ಬೆರಳುಗಳನ್ನೂ ಮುಚ್ಚಿತ್ತು. ಅದರಿಂದಲೇ ಮೂಗೊರೆಸಿಕೊಂಡರು. ಬೂಬಣ್ಣನಿಗೂ ಹೆದರಿಕೆ ಉಂಟೆಂದು ನನಗೆ ತಿಳಿದದ್ದು ಅಂದೇ.

ಮಗು ಉಳಿಯಿತು. ಮನೆಯಲ್ಲಿ ತೊಟ್ಟಿಲ ದಿನ ಬಾಗಿದ ಬೂಬಣ್ಣ, ಕಿವಿಯಲ್ಲಿ ಉಸುರಬೇಕಾದದ್ದನ್ನು ಏಲಂ ಕೂಗುವ ಸ್ವರದಲ್ಲಿ ಕೂಗಿಯೇಬಿಟ್ಟರು. ಮಗು ಬೆದರಿ ಅಂಗಳದಾಚೆಗೂ ಕೇಳುವಂತೆ ಅತ್ತಿತು. “ಸ್ವರವೂ ನಿಮ್ಮದೇ ಬಂದಿದೆ ಮಾರಾಯ್ರೆ” ಎಂದು ಕಣ್ಣೊರೆಸಿಕೊಂಡ ಕುಶಲಕ್ಕ, “ತುಂಗಾ, ತುಂಗಾ” ಎನ್ನುತ್ತ ತಾವೇ ತೊಟ್ಟಿಲು ತೂಗಿದರು.

ಲೋಕವು ಸಾಮಾನ್ಯವಾಗಿ ಮನುಷ್ಯನ ಅಳತೆ ತೆಗೆದೇ ಅವನಿಗೊಂದು ಹೆಸರು ಕೊಡುತ್ತದೆ. ಬೂಬಣ್ಣನಂಥವರು ಮೊದಲು ಹೆಸರು ಕೊಟ್ಟು, ಮೈ ತುಂಬುವುದನ್ನು ಪಕ್ಕದಲ್ಲೇ ನಿಂತು ಕಾಯುತ್ತಾರೆ. ತಮ್ಮ ಅಂಗಿ ಕೊನೆಯವರೆಗೂ ತುಂಬದಿದ್ದರೂ, ಇನ್ನೊಬ್ಬರಿಗೆ ಚಿಕ್ಕದನ್ನು ಹೊಲಿಸಲು ಅವರಿಗೆ ಮನಸ್ಸು ಬರುವುದಿಲ್ಲ.