ಎತ್ತಿಕೊಳ್ಳುವ ಹೊತ್ತು

ಒಳಕೋಣೆಯಲ್ಲಿ ಮಗು ಅಳುತ್ತಿತ್ತು. ಅಡುಗೆಮನೆಯಲ್ಲಿ ಎರ್ನಾ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದಳು. ಹಾಲಿನ ಹೊತ್ತು ಇನ್ನೂ ಆಗಿರಲಿಲ್ಲ. ಮೊಮ್ಮಗನ ಬಟ್ಟೆ ಒದ್ದೆಯಾಗಿರಲಿಲ್ಲ, ಮೈ ಬಿಸಿಯಿರಲಿಲ್ಲ. ಆಗಲೇ ನೋಡಿ ಬಂದಿದ್ದಳು. ಅಂದಮೇಲೆ ಇದು ಬರೀ ಹಟ, ಹಟಕ್ಕೆ ಮಣಿಯಬಾರದು. ಹಾಗಂತ ಅವಳೇನು ಕಲ್ಲೆದೆಯ ಹೆಂಗಸಲ್ಲ. ಮಗು ಚೀರಿದಾಗಲೆಲ್ಲ ಅವಳ ಚಾಕು ಸಿಪ್ಪೆಯ ಜೊತೆ ಅರ್ಧ ಗಡ್ಡೆಯನ್ನೂ ಕತ್ತರಿಸಿ ಹಾಕುತ್ತಿತ್ತು.

ಹಿಂದಿನ ಸಂಜೆ ಇದೇ ವಿಷಯಕ್ಕೆ ಜಗಳವಾಗಿತ್ತು. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಮಗಳು ಹೈಡ್ರುನ್‌ಗೆ ಬೀದಿಬಾಗಿಲಲ್ಲೇ ಅಳು ಕೇಳಿಸಿತ್ತು.

“ಅಮ್ಮಾ, ಹೆನ್ನಿಂಗ್ ಅತ್ತೂ ಅತ್ತೂ ನೀಲಿಗಟ್ಟಿದಾನೆ. ನೀನು ಇಲ್ಲಿ ಕೂತು ಕಾಲುಚೀಲ ಹೆಣೀತಿದೀಯಲ್ಲ!”

“ಅಳಲಿ ಬಿಡೆ, ಎದೆ ಗಟ್ಟಿಯಾಗುತ್ತೆ. ನಿನ್ನನ್ನೂ ಹೀಗೇ ಬೆಳೆಸಿದ್ದು. ಏನು ಕಮ್ಮಿಯಾಯ್ತು ನಿನಗೆ?”

“ಏನು ಕಮ್ಮಿಯಾಯ್ತು ಅಂತ ನನ್ನನ್ನೇ ಕೇಳ್ತೀಯಾ?” ಹೈಡ್ರುನ್ ಮಗುವನ್ನು ಎತ್ತಿಕೊಂಡಳು. “ಇನ್ನೊಂದ್ಸಲ ಇವನನ್ನ ಹೀಗೆ ಒಂಟಿಯಾಗಿ ಅಳೋಕೆ ಬಿಟ್ಟರೆ ನಾದಿನಿ ಹತ್ರ ಬಿಡ್ತೀನಿ. ನೀನು ಬರೋದೇ ಬೇಡ.”

ಎರ್ನಾಳಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ರಷ್ಯಾಕ್ಕೆ ಯುದ್ಧಕ್ಕೆಂದು ಹೋದ ಗಂಡ ವಾಪಸು ಬರಲಿಲ್ಲ. ಕಾಸೆಲ್ ಊರೇ ಬಾಂಬಿಗೆ ಉರಿದುಹೋದ ಮೇಲೆ ಬಿದ್ದ ಗೋಡೆಗಳ ಇಟ್ಟಿಗೆ ಹೊತ್ತು, ಕಂಡವರ ಬಟ್ಟೆ ಒಗೆದು ಈ ಒಬ್ಬ ಮಗಳನ್ನು ದಡ ಸೇರಿಸಿದ್ದಳು. ಈಗ ಬೆಳಗಾದರೆ ಟ್ರಾಮ್ ಹತ್ತಿ ಮೊಮ್ಮಗನ ಮುಖ ನೋಡಲು ಬರುವುದೊಂದೇ ಅವಳ ಪಾಲಿನ ಸಂತೋಷ. ಅದೂ ಕೈತಪ್ಪಿದರೆ ಬದುಕಿ ಏನು ಮಾಡುವುದು?

ಆದರೂ ಎತ್ತಿಕೊಳ್ಳಲು ಕೈ ಬರಲೊಲ್ಲದು. ಚೊಚ್ಚಲ ಬಸುರಿಯಾಗಿದ್ದಾಗ ಸರ್ಕಾರದವರು ನಡೆಸುತ್ತಿದ್ದ ತಾಯಂದಿರ ತರಗತಿಗೆ ಹೋಗಿದ್ದಳು. ಅಲ್ಲಿಯ ದಾದಿ ಸೆಟೆದು ನಿಂತು ಹೇಳುತ್ತಿದ್ದಳು: “ಅತ್ತಾಗೆಲ್ಲ ಎತ್ತಬೇಡಿ. ಮುದ್ದು ಮಾಡಿ ಹಾಳು ಮಾಡಬೇಡಿ. ದೇಶಕ್ಕೆ ಗಟ್ಟಿ ಮಕ್ಕಳು ಬೇಕು.” ಇಡೀ ದೇಶವನ್ನೇ ಯುದ್ಧಕ್ಕೆ ಹೂಡಿದ್ದ ಕಾಲ ಅದು. ಹೆಂಗಸರನ್ನು ಕಾರ್ಖಾನೆಗೆ ಕಳಿಸಿದರು, ಹೈಸ್ಕೂಲು ಹುಡುಗರನ್ನು ಫಿರಂಗಿ ಪಕ್ಕ ನಿಲ್ಲಿಸಿದರು, ತೊಟ್ಟಿಲ ಕೂಸನ್ನೂ ಬಿಡಲಿಲ್ಲ! ಯುದ್ಧ ಸೋತು ಎಷ್ಟೋ ವರ್ಷವಾಗಿತ್ತು. ಆ ದಾದಿಯ ಮಾತು ಮಾತ್ರ ಎರ್ನಾಳನ್ನು ಬಿಟ್ಟು ಹೋಗಿರಲಿಲ್ಲ.

ಅಷ್ಟರಲ್ಲಿ, ಬಾಂಬಿನ ವಿಮಾನ ಬಂದರೆ ಕೂಗುವ ಊರಿನ ಸೈರನ್ ಕೂಗತೊಡಗಿತು.

ಚಾಕು ಎಲ್ಲಿ ಬಿತ್ತೋ, ಒಳಕೋಣೆಗೆ ಯಾವಾಗ ಹೋದಳೋ, ಎರ್ನಾಳಿಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಮಗುವನ್ನು ಕಂಬಳಿ ಸಮೇತ ಎದೆಗೆ ಅವಚಿಕೊಂಡು ನೆಲಮಾಳಿಗೆಯತ್ತ ಓಡುತ್ತಿದ್ದಳು. ಮೆಟ್ಟಿಲು ಗುಡಿಸುತ್ತಿದ್ದ ಕೆಳಮನೆಯ ಮುದುಕ ವಿಟ್ಸೆಲ್ ನಕ್ಕ.

“ಏನಮ್ಮಾ, ನೆಲಮಾಳಿಗೆಯಿಂದ ಕಲ್ಲಿದ್ದಲು ತರೋಕೆ ಮೊಮ್ಮಗನ್ನೂ ಕರ್ಕೊಂಡು ಹೊರಟ್ರಾ?” ಅವಳ ಮುಖ ನೋಡಿದ್ದೇ ಪೊರಕೆ ಗೋಡೆಗೆ ಒರಗಿಸಿ ಹತ್ತಿರ ಬಂದ. “ಸುಮ್ಮನೆ ಪರೀಕ್ಷೆಗೆ ಕೂಗಿಸ್ತಿದಾರೆ ಕಣಮ್ಮ. ಪೇಪರಲ್ಲಿ ಬಂದಿತ್ತಲ್ಲ. ಹೆದರಬೇಡಿ, ಮೇಲೆ ಹೋಗಿ.”

ಸೈರನ್ ನಿಂತಿತು. ಎರ್ನಾ ನಿಧಾನವಾಗಿ ಮೆಟ್ಟಿಲು ಹತ್ತಿದಳು. ತೊಟ್ಟಿಲಿಗೆ ಮಗುವನ್ನು ಇಡಲು ಬಾಗಿದಳು. ಹೆನ್ನಿಂಗ್ ಅವಳ ಮುಖವನ್ನೇ ನೋಡಿ, ಕಣ್ಣೀರು ಆರದ ಕೆನ್ನೆಯಲ್ಲೇ, ಬೊಚ್ಚುಬಾಯಿ ತುಂಬ ನಕ್ಕ. ಇಂಥದೇ ನಗುವನ್ನು ಎರ್ನಾ ಹಿಂದೆಯೂ ಕಂಡಿದ್ದಳು. ಅವಳು ಮಗುವನ್ನು ಕೆಳಗಿಡಲಿಲ್ಲ.

ಸಂಜೆ ಹೈಡ್ರುನ್ ಬಂದಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ಒಲೆ ಹಚ್ಚಿರಲಿಲ್ಲ. ತಾಯಿ ಸೋಫಾದಲ್ಲಿ ಕೂತಿದ್ದಳು, ಮಗು ಅವಳ ಎದೆಯ ಮೇಲೆ ಮಲಗಿತ್ತು.

“ಏನಾಯ್ತಮ್ಮಾ? ಜ್ವರ ಬಂತಾ ಇವನಿಗೆ?”

“ಏನಿಲ್ಲ ಕಣೆ. ಸೈರನ್ ಕೂಗ್ತು, ಎತ್ಕೊಂಡೆ.”

“ಅದು ನಿಂತು ಎಷ್ಟು ಹೊತ್ತಾಯ್ತು! ಇನ್ನೂ ಎತ್ಕೊಂಡೇ ಇದೀಯಾ?”

“ಹೂಂ,” ಎಂದಳು ಎರ್ನಾ. “ಯಾರಿಗೂ ಹೇಳದ ಒಂದು ಮಾತಿದೆ, ಕೇಳು. ಯುದ್ಧದ ಹೊತ್ತಲ್ಲಿ ಸೈರನ್ ಕೂಗಿದರೆ ನಮ್ಮ ಬೀದಿಯ ಮಕ್ಕಳೆಲ್ಲ ಹೆದರಿ ಚೀರೋವು. ನೀನೊಬ್ಬಳು ನಗ್ತಿದ್ದೆ. ತೊಟ್ಟಿಲಲ್ಲಿ ಎದ್ದು ನಿಂತು ಎರಡೂ ಕೈ ಚಾಚ್ತಿದ್ದೆ. ‘ಈ ಕೂಸಿಗೆ ತಲೆ ಸರಿಯಿಲ್ವೇನ್ರಿ’ ಅಂತ ನೆಲಮಾಳಿಗೇಲಿ ಜನ ಕೇಳೋರು. ನನಗೆ ನಾಚಿಕೆ ಆಗೋದು.”

ಹೈಡ್ರುನ್ ಕೋಟು ಬಿಚ್ಚುವುದನ್ನೂ ಮರೆತು ನಿಂತಳು.

“ಯುದ್ಧ ಮುಗೀತು. ಸದ್ಯ, ಬದುಕಿದೆವು ಅಂತ ಎಲ್ಲರೂ ಉಸಿರು ಬಿಟ್ಟರು. ನೀನು ಮಾತ್ರ ದಿನಾ ಕೇಳ್ತಿದ್ದೆ, ‘ಅಮ್ಮಾ, ಸೈರನ್ ಯಾವಾಗ ಕೂಗುತ್ತೆ?’ ಅಂತ. ಒಂದು ದಿನ ಕೆನ್ನೆಗೆ ಬಾರಿಸಿದೆ. ಆಮೇಲೆ ನೀನು ಕೇಳಲಿಲ್ಲ.” ಎರ್ನಾ ಮಗುವಿನ ಬೆನ್ನು ಸವರಿದಳು. “ಇವತ್ತು ಇವನು ನಕ್ಕಾಗ ಗೊತ್ತಾಯ್ತು ಕಣೆ. ಅದು ಕೂಗಿದಾಗ ಮಾತ್ರ ನಾನು ನಿನ್ನ ಎತ್ಕೋತಿದ್ದೆ. ಬಾಂಬು ಬೀಳ್ಲಿ ಅಂತ ಕಾಯೋ ಹಾಗೆ ಮಾಡಿಬಿಟ್ಟೆನಲ್ಲೇ ನನ್ನ ಮಗೂನ!”

ಹೈಡ್ರುನ್ ತನ್ನ ಕೆನ್ನೆ ಮುಟ್ಟಿಕೊಂಡಳು.

“ನಾಳೆಯಿಂದ ನಾನು ಬರಲೋ ಬೇಡವೋ, ನೀನೇ ಹೇಳು.”

“ಬಾ,” ಎಂದಳು ಹೈಡ್ರುನ್. ಅಷ್ಟು ಹೇಳುವಷ್ಟರಲ್ಲಿ ಅಳು ಉಕ್ಕಿ ಬಂತು. ಮುಖ ಮರೆಸಿಕೊಳ್ಳಲು ಕಿಟಕಿಯ ಕಡೆ ತಿರುಗಿದಳು.

ಎರ್ನಾ ಮಗುವನ್ನು ಒಂದು ತೋಳಿಗೆ ಸರಿಸಿಕೊಂಡಳು. “ಬಾರೇ ಇಲ್ಲಿ.”

“ನಾನೇನು ಕೂಸಾ ಅಮ್ಮ?”

“ಬಾ ಅಂದೆನಲ್ಲ.”

ಮೂವತ್ತು ದಾಟಿದ ಹೆಂಗಸು ನೆಲದ ಮೇಲೆ ಕೂತು ತಾಯಿಯ ಮಡಿಲಿಗೆ ತಲೆಯಿಟ್ಟಳು. ಎರ್ನಾ ಅಳಬೇಡ ಎನ್ನಲಿಲ್ಲ. ಅತ್ತಷ್ಟು ಹೊತ್ತೂ ಅವಳನ್ನು ಹಿಡಿದೇ ಕೂತಿದ್ದಳು.